ಸಯ್ಯದಾನಿ ಸೊಸೆ

ನಮ್ಮ ಊರಲ್ಲಿ ಸಯ್ಯದರು ನಡೆದು ಬಂದರೆ ಕೂತವರು ಎದ್ದು ನಿಲ್ಲುತ್ತಾರೆ. ಮರ್ಯಾದೆಗೆ ಏಳುವುದು ಎಲ್ಲ ಊರಲ್ಲೂ ಇದ್ದೀತು. ನಮ್ಮಲ್ಲಿ ಮನಸ್ಸಿಗೆ ತಿಳಿಯುವ ಮೊದಲೇ ಮೊಣಕಾಲು ಎದ್ದುಬಿಡುತ್ತದೆ. ಪೈಗಂಬರರ ವಂಶದವರು ಅನ್ನುವ ಆ ಹೆಸರು ಹೊತ್ತವರು ಹತ್ತಿರದಲ್ಲಿ ತಮ್ಮ ಕಾಲ ಮೇಲೆ ನಿಂತಿರುವಷ್ಟು ಹೊತ್ತು ನಾವೂ ನಿಂತಿರಬೇಕು. ಅವರು ಕೂತರೆ ನಮ್ಮ ಮೊಣಕಾಲು ನಮಗೆ ವಾಪಸು. ಸಯ್ಯದರು ಮಾತ್ರ ಸಯ್ಯದರಿಗೆ ಏಳಬೇಕಿಲ್ಲ. ಇದರಲ್ಲಿ ಜಾತಿ ಧರ್ಮ ಇರಲಿಲ್ಲ. ಕಿರಾಣಿ ಅಂಗಡಿಯ ಚನ್ನಬಸಪ್ಪನೂ ಗಲ್ಲಾಪೆಟ್ಟಿಗೆ ಬಿಟ್ಟು ಏಳುತ್ತಿದ್ದ, ಚೌಕಿಯಲ್ಲಿ ತೂಕಡಿಸುವ ಜಮಾದಾರನೂ ಕಣ್ಣು ಮುಚ್ಚಿಕೊಂಡೇ ಏಳುತ್ತಿದ್ದ. ಕ್ಷೌರದಂಗಡಿಯ ಹಣಮಂತ ಗಿರಾಕಿಯ ಗಲ್ಲಕ್ಕೆ ಕತ್ತಿ ಇಡುವ ಮೊದಲು ಹೊರಗೆ ಬಂದು ಬೀದಿಯ ಎರಡೂ ತುದಿ ನೋಡಿ ಒಳಗೆ ಹೋಗುತ್ತಿದ್ದ. ಮದುವೆಯ ಊಟಗಳಲ್ಲಿ ಮೊದಲು ಸಯ್ಯದರನ್ನು ಕೂರಿಸಿ, ಅವರು ಗಟ್ಟಿಯಾಗಿ ಕೂತಿದ್ದಾರೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಉಳಿದವರಿಗೆ ಬಡಿಸುತ್ತಿದ್ದರು.

ಹಾಗಂತ ಸಯ್ಯದರಿಗೆ ಇದರಿಂದ ಸುಖವಿತ್ತು ಅಂತಲ್ಲ. ಅವರಲ್ಲಿ ಒಳ್ಳೆಯವರು ದೂರದಿಂದಲೇ ಕೆಮ್ಮುತ್ತಾ ಬರುತ್ತಿದ್ದರು, ಬಾಣಂತಿಯರ ಮನೆ ಇದ್ದ ಓಣಿ ಬಿಟ್ಟು ಹಿತ್ತಲ ದಾರಿ ಹಿಡಿಯುತ್ತಿದ್ದರು, ಎಲ್ಲಿಗೆ ಹೋದರೂ ಮೊದಲು ಕೂರಲು ಒಂದು ಜಾಗ ಹುಡುಕುತ್ತಿದ್ದರು. ಸಂತೆಗೆ ಹೋಗಿ ನಾಲ್ಕು ಬದನೆಕಾಯಿ ಆರಿಸಿ ತರುವುದೂ ಅವರಿಗೆ ಕಷ್ಟ, ಸಂತೆಯೇ ಎದ್ದು ನಿಲ್ಲುತ್ತಿತ್ತು. ಅದಕ್ಕೇ ಒಂದೊಂದು ಮನೆಯವರಾಗಿ ಬೇರೆ ಊರುಗಳಿಗೆ ಹೊರಟುಹೋದರು. ಅಲ್ಲಿ ಯಾರೂ ಏಳುವುದಿಲ್ಲವಂತೆ, ಆರಾಮಾಗಿ ತಿರುಗಾಡಬಹುದಂತೆ. ನಾನು ಪ್ರಾಯಕ್ಕೆ ಬರುವ ಹೊತ್ತಿಗೆ ಊರಲ್ಲಿ ಉಳಿದದ್ದು ಒಂದೇ ಸಯ್ಯದರ ಮನೆ. ಹೆಂಡತಿ ತೀರಿಹೋಗಿದ್ದ ಮುರ್ತುಜಾ ಸಾಹೇಬರು, ಮಕ್ಕಳಿಲ್ಲದ ಅವರ ತಮ್ಮ ತುರಾಬ್ ಸಾಹೇಬರು, ಮತ್ತು ಮುರ್ತುಜಾ ಸಾಹೇಬರ ಒಬ್ಬಳೇ ಮಗಳು ಬತೂಲ್ ಬೀಬಿ.

ನನ್ನ ಹೆಸರು ಲಾಲಸಾಬ. ಪಿಂಜಾರ ಓಣಿಯವನು. ಅರಳೆ ಹಿಂಜಿ ಗಾದಿ, ತಲೆದಿಂಬು ಮಾಡುವುದು ನಮ್ಮ ಕಸುಬು. ತೊಲೆಗೆ ತೂಗುಬಿಟ್ಟ ಬಿಲ್ಲಿನ ನಾಣನ್ನು ಕೊಡತಿಯಿಂದ ಮೀಟಿದರೆ ಗಂಟುಗಟ್ಟಿದ ಅರಳೆ ಮೋಡದ ಹಾಗೆ ಬಿಚ್ಚಿಕೊಳ್ಳುತ್ತದೆ. ನಮ್ಮವರೆಲ್ಲ ಈ ಕೆಲಸವನ್ನು ಕುಕ್ಕರಗಾಲಲ್ಲಿ ಕೂತು ಮಾಡುತ್ತಾರೆ. ನಾನು ನಿಂತು ಮಾಡುವುದು ರೂಢಿ ಮಾಡಿಕೊಂಡಿದ್ದೆ. ಕೈ ಲಯ ಹಿಡಿದಾಗ ಯಾರಾದರೂ ಸಯ್ಯದರು ಹಾದುಹೋಗಿ, ದಡಕ್ಕನೆ ಏಳಬೇಕಾಗಿ ಬಂದು ನಾಣು ಹರಿಯುವುದು ನನಗೆ ಸೇರುತ್ತಿರಲಿಲ್ಲ.

ಮುರ್ತುಜಾ ಸಾಹೇಬರ ಮನೆಯ ಹಳೆಯ ಗಾದಿಗಳನ್ನು ಹಿಂಜಿ ಕೊಡಲು ಒಮ್ಮೆ ಕರೆಸಿದರು. ಅವರ ಪಡಸಾಲೆಯಲ್ಲಿ ಬಿಲ್ಲು ಕಟ್ಟಿ ಕೆಲಸ ಶುರು ಮಾಡಿದೆ. ಮಧ್ಯಾಹ್ನ ಬತೂಲ್ ಬೀಬಿ ನೀರಿನ ತಂಬಿಗೆ ತಂದರು. ಬಾಗಿಲಲ್ಲಿ ಒಂದು ಗಳಿಗೆ ನಿಂತು ನನ್ನನ್ನು ನೋಡಿದರು, ತಂಬಿಗೆ ಇಟ್ಟು ಹೋದರು. ಅಷ್ಟೇ ಆದದ್ದು. ಅವರಿಗೆ ಆಗ ಮೂವತ್ತು ದಾಟಿತ್ತು. ಸಯ್ಯದರ ಹುಡುಗಿಯನ್ನು ಸಯ್ಯದರಿಗೇ ಕೊಡಬೇಕು ಅನ್ನುವ ಪದ್ಧತಿ ಒಂದು ಕಡೆ, ಮನೆಯಲ್ಲಿ ಜೀವಮಾನವಿಡೀ ಎದ್ದು ಕೂತು ಮಾಡುವವರು ಯಾರು ಅನ್ನುವ ಊರಿನ ಅಂಜಿಕೆ ಇನ್ನೊಂದು ಕಡೆ, ಎರಡರ ನಡುವೆ ಅವರ ಮದುವೆ ನಿಂತುಹೋಗಿತ್ತು. ಕೆಲಸ ಮುಗಿದ ದಿನ ಮುರ್ತುಜಾ ಸಾಹೇಬರು ನನ್ನನ್ನು ಕೂರಿಸಿ, ತಾವೂ ಎದುರಿಗೆ ಕೂತು, ಮಗಳನ್ನು ಮದುವೆಯಾಗುತ್ತೀಯಾ ಎಂದು ಕೇಳಿದರು.

“ನಾ ಪಿಂಜಾರ ಅದೀನ್ರೀ ಹಜರತ್,” ಅಂದೆ.

“ಗೊತ್ತಿಲ್ಲದೆ ಕೇಳುತ್ತೇನೆಯೇ? ಮಗಳೇ ಹೇಳಿದ್ದು. ‘ಅಬ್ಬಾ, ನನ್ನನ್ನು ನೋಡಿ ಎದ್ದು ನಿಲ್ಲದವರನ್ನು ಇವತ್ತು ಮೊದಲ ಸಲ ನೋಡಿದೆ, ಅವರು ಮೊದಲೇ ನಿಂತಿದ್ದರು’ ಅಂದಳು.”

ಒಳಗಿನಿಂದ ತುರಾಬ್ ಸಾಹೇಬರು ಹೊರಗೆ ಬಂದರು. ನಾನು ಎದ್ದೆ. ಅವರು ನನ್ನ ಕಡೆ ನೋಡಲೂ ಇಲ್ಲ. “ಭಾಯಿಜಾನ್, ಈ ಹೆಸರು ತಂದೆಯ ಕಡೆಯಿಂದ ಬರುವಂಥದ್ದು. ಬತೂಲಳ ಮಕ್ಕಳು ಪಿಂಜಾರರಾಗುತ್ತವೆ. ನಮ್ಮ ಮನೆಯ ದೀಪವನ್ನು ನೀವೇ ಕೈಯಾರೆ ಆರಿಸುತ್ತಿದ್ದೀರಿ.”

“ದೀಪ ಹಚ್ಚಿದವರು ಯಾರು ತುರಾಬ್?” ಎಂದು ಮುರ್ತುಜಾ ಸಾಹೇಬರು ಮೆಲ್ಲಗೆ ಕೇಳಿದರು. “ಪೈಗಂಬರರಿಗೆ ಗಂಡುಮಕ್ಕಳು ಉಳಿಯಲಿಲ್ಲ. ಬೀಬಿ ಫಾತಿಮಾರಿಂದ ತಾನೇ ನಾವೆಲ್ಲ? ಒಬ್ಬ ಮಗಳಿಂದ ಶುರುವಾದ ಮನೆತನದಲ್ಲಿ ನನ್ನ ಮಗಳು ಒಂಟಿಯಾಗಿ ಮುದುಕಿಯಾಗಬೇಕೆ?”

ತುರಾಬ್ ಸಾಹೇಬರು ಹೊರಟುಹೋದರು. ನಿಕಾಹಿಗೂ ಬರಲಿಲ್ಲ.

ನಮ್ಮ ಅವ್ವ ದಾವಲಬಿ ಈ ಸಂಬಂಧದ ಸುದ್ದಿ ಕೇಳಿ ಮೊದಲ ದಿನ ಹಿಗ್ಗಿದಳು, ಎರಡನೆಯ ದಿನ ತನ್ನ ಮೊಣಕಾಲು ನೋಡಿಕೊಂಡಳು. ಆಕೆಗೆ ಬಹಳ ವರ್ಷಗಳಿಂದ ಸಂಧಿವಾತ. ಒಮ್ಮೆ ಕೂತರೆ ಏಳಲು ಗೋಡೆ ಬೇಕು, ಕಂಬ ಬೇಕು, ಹತ್ತು ಸಲ “ಯಾ ಅಲ್ಲಾ” ಬೇಕು. ಸೊಸೆ ಮನೆ ತುಂಬಿದ ಕ್ಷಣದಿಂದ ಅವ್ವ ಗೋಡೆಯಿಲ್ಲದೆ, ಕಂಬವಿಲ್ಲದೆ ಚಟಕ್ಕನೆ ಏಳತೊಡಗಿದಳು, ನೋವು ಮಾತ್ರ ಹಾಗೇ ಇತ್ತು. ಬತೂಲ್ ಬೀಬಿ ಒಲೆಯಿಂದ ನೀರಿನ ಹಂಡೆಗೆ ಹೋದರೆ ಅವ್ವ ಎದ್ದಳು. ಹಂಡೆಯಿಂದ ಒಲೆಗೆ ಬಂದರೆ, ಕೂರಲು ಹೋಗುತ್ತಿದ್ದವಳು ಅರ್ಧದಲ್ಲೇ ಮತ್ತೆ ಎದ್ದಳು. ಪಕ್ಕದ ಮನೆಯ ನೀಲವ್ವ, ಚನ್ನಬಸಪ್ಪನ ಹೆಂಡತಿ, ಗೋಡೆಯ ಆಚೆಯಿಂದ ಇದನ್ನು ನೋಡಿ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

“ಸೊಸಿ ಬಂದರ ಅತ್ತಿ ಏಳೂದು ಯಾವ ಊರಾಗ ಐತಿ ಹೇಳ ನೀಲವ್ವಾ,” ಎಂದು ಅವ್ವ ಗೋಳಾಡಿದಳು.

“ನಮ್ಮೂರಾಗ ಐತಲ್ಲ,” ಅಂದಳು ನೀಲವ್ವ.

ಅವ್ವ ಸೊಸೆಯನ್ನು ಬಹುವಚನದಲ್ಲೇ ಕರೆಯುತ್ತಿದ್ದಳು. ನಾನೂ ಹಾಗೇ. ಮೊದಲ ರಾತ್ರಿ ಅವರು ಒಳಗೆ ಬಂದವರೇ ಬಾಗಿಲ ಬಳಿಯೇ ನೆಲಕ್ಕೆ ಕೂತುಬಿಟ್ಟು, “ನೀವೂ ಕೂತುಕೊಳ್ಳಿ, ದಣಿದಿದ್ದೀರಿ,” ಅಂದಿದ್ದರು. ಅವರ ಒಳ್ಳೆಯತನ ನನಗೆ ಅರ್ಥವಾದದ್ದು ಅಲ್ಲಿಂದ. ಆದರೂ ಬಾಯಿಗೆ ‘ನೀನು’ ಬರಲಿಲ್ಲ.

ಕೆಲವು ದಿನ ಕಳೆದ ಮೇಲೆ ಅವ್ವನ ಏಳುವುದು ಕಡಿಮೆಯಾದದ್ದನ್ನು ಗಮನಿಸಿದೆ. ಯಾಕೆಂದು ಗೊತ್ತಾಗಲಿಲ್ಲ. ಒಂದು ದಿನ ಗಾದಿ ಕೊಟ್ಟು ಬೇಗ ಬಂದೆ. ಅಂಗಳದಲ್ಲಿ ಬತೂಲ್ ಬೀಬಿ ಒಂದು ಮಣೆಯ ಮೇಲೆ ಕೂತು, ಎರಡೂ ಕೈಯನ್ನು ನೆಲಕ್ಕೂರಿ ಮಣೆಯನ್ನು ಜರುಗಿಸುತ್ತಾ, ತುಂಬಿದ ಬಿಂದಿಗೆಯನ್ನು ಮುಂದೆ ಮುಂದೆ ಸರಿಸುತ್ತಾ ಹೋಗುತ್ತಿದ್ದರು. ಅಂಗಳವೆಲ್ಲ ರಾಡಿ. ಅವರ ಸೀರೆಯ ಅಂಚು, ಮುಂಗೈ ಎಲ್ಲ ಕೆಸರು. ಅವ್ವ ಪಡಸಾಲೆಯ ಮೂಲೆಯಲ್ಲಿ ಕೂತವಳು ಅದೇ ಆಗ ಈ ಕಡೆ ತಿರುಗಿದ್ದಳು. ಇಷ್ಟು ದಿನ ಸೊಸೆ ಮನೆಯೊಳಗೆ ಹೀಗೇ ತಿರುಗುತ್ತಿದ್ದದ್ದು ಆಕೆಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ.

“ಇದೇನ್ರೀ ಬೀಬಿ ಇದು? ಕಾಲು ಹೋಗ್ಯಾವೇನು ನಿಮ್ಮುವು?” ಎಂದು ಅವ್ವ ಕೂಗಿದಳು.

“ನಾನು ಎದ್ದರೆ ನೀವು ಏಳಬೇಕಾಗುತ್ತದಲ್ಲ ಅತ್ತಿ.”

“ಏಳತೀನಿ! ನನ್ನ ಮೊಣಕಾಲು ನಾ ನೋಡ್ಕೋತೀನಿ. ಹಜರತ್ತರ ಮಗಳು ರಾಡ್ಯಾಗ ತೆವಳೂದು ನೋಡಕೋತ ನಾ ಕುಂದರಬೇಕೇನು? ಮೊದಲ ಏಳ್ರಿ!”

ಬತೂಲ್ ಬೀಬಿ ಎದ್ದರು. ಅವ್ವನೂ ಎದ್ದಳು, ಮುಖ ಕಿವುಚಿಕೊಂಡು. ಇಬ್ಬರೂ ಹಾಗೇ ಒಬ್ಬರನ್ನೊಬ್ಬರು ನೋಡುತ್ತಾ ನಿಂತಾಗ ಯಾರು ಮೊದಲು ನಕ್ಕರೋ ತಿಳಿಯದು. ಆಮೇಲೆ ಒಂದು ಹೊಂದಾಣಿಕೆ ಮಾಡಿಕೊಂಡರು. ಬೆಳಗಿನ ಓಡಾಟದ ಕೆಲಸವನ್ನೆಲ್ಲ ಬೀಬಿ ಒಟ್ಟಿಗೆ ಮುಗಿಸುವುದು, ಆ ಹೊತ್ತಲ್ಲಿ ಅವ್ವ ನಿಂತೇ ದನಕ್ಕೆ ಹುಲ್ಲು ಹಾಕುವುದು, ಅಂಗಳ ಗುಡಿಸುವುದು. ಆಮೇಲೆ ಇಬ್ಬರೂ ಕೂತು ಮಾಡುವ ಕೆಲಸ. ಕಾಳು ಆರಿಸುವುದು, ರೊಟ್ಟಿ ಬಡಿಯುವುದು, ತಲೆದಿಂಬಿನ ಚೀಲ ಹೊಲಿಯುವುದು. ಹೊಲಿಯುತ್ತಾ ಮಾತು.

“ಸಯ್ಯದ್ ಅಂದರ ಅರಬಿಯೊಳಗ ಏನ್ರೀ ಬೀಬಿ?” ಎಂದು ಒಂದು ದಿನ ಅವ್ವ ಕೇಳಿದಳು.

“ಒಡೆಯ, ಯಜಮಾನ ಅಂತ ಅತ್ತಿ. ಆದರೆ ಆ ಕಡೆಯ ಊರುಗಳಲ್ಲಿ ಈಗ ಎಲ್ಲ ಗಂಡಸರ ಹೆಸರಿನ ಮುಂದೆಯೂ ಅದನ್ನೇ ಹಚ್ಚುತ್ತಾರಂತೆ, ನಾವು ಶ್ರೀ ಅಂತ ಬರೆಯುತ್ತೇವಲ್ಲ ಹಾಗೆ. ವಂಶದವರನ್ನು ಕೆಲವು ಕಡೆ ಶರೀಫ್ ಅನ್ನುತ್ತಾರೆ. ಅಬ್ಬಾ ಹೇಳುತ್ತಿದ್ದರು.”

ಅವ್ವ ಸೂಜಿ ನಿಲ್ಲಿಸಿ ಯೋಚಿಸಿದಳು. “ಹಂಗಾರ ಅಲ್ಲಿ ಎಲ್ಲಾರೂ ಎಲ್ಲಾರಿಗೂ ಏಳತಾರೇನು? ಕುಂದರೂದು ಯಾವಾಗ ಪಾಪ?”

ಸ್ಪಂಜಿನ ಗಾದಿ ಊರಿಗೆ ಬಂದ ವರ್ಷ ನಮ್ಮ ಓಣಿಯಲ್ಲಿ ಕೆಲಸವಿಲ್ಲದಾಯಿತು. ರಂಜಾನ್ ತಿಂಗಳಲ್ಲಿ ಉಳ್ಳವರು ಬಡವರಿಗೆ ಜಕಾತಿನ ದಾನವಾಗಿ ಜೋಳ ಹಂಚಿದಾಗ ನಮ್ಮ ಮನೆಗೂ ಒಂದು ಚೀಲ ಬಂತು. ಬೇಡವೆನ್ನುವ ಸ್ಥಿತಿ ಇರಲಿಲ್ಲ. ಆದರೆ ಜಕಾತಿನ ಅನ್ನ ಸಯ್ಯದರಿಗೆ ಸಲ್ಲುವುದಿಲ್ಲ, ಕೊಡುವವರೂ ಕೊಡಬಾರದು, ಅವರೂ ತಿನ್ನಬಾರದು. ಬೀಬಿಗೆ ಅವ್ವ ಬೇರೆ ಗಡಿಗೆಯಲ್ಲಿ ಅನ್ನ ಮಾಡಿ ಬಡಿಸುತ್ತಿದ್ದಳು. ಅಕ್ಕಿ ಎಲ್ಲಿಂದ ಅಂತ ನನಗೂ ತಿಳಿಯಲಿಲ್ಲ. ಆಮೇಲೆ ನೀಲವ್ವ ಹೇಳಿದಳು. ನಾನು ಕೆಲಸ ಹುಡುಕಿ ಹೊರಗೆ ಹೋದಾಗ ಅವ್ವ ಆ ಕಾಲಿನಲ್ಲೇ ಅವರ ಮನೆಗೆ ಹೋಗಿ, ಹಳೆಯ ದಿಂಬುಗಳ ಅರಳೆಯನ್ನು ಕೈಯಲ್ಲೇ ಬಿಡಿಸಿಕೊಟ್ಟು ಅಕ್ಕಿ ತರುತ್ತಿದ್ದಳಂತೆ. ಬೀಬಿಗೆ ಗೊತ್ತಾದಾಗ ಅವರು ತಾಟನ್ನು ಮುಂದಕ್ಕೆ ಸರಿಸಿದರು.

“ನೀವು ಒಣ ರೊಟ್ಟಿ, ನಾನು ಬಿಸಿ ಅನ್ನ. ಹೇಗೆ ಇಳಿಯುತ್ತದೆ ಅತ್ತಿ?”

“ನಿಮ್ಮ ಹೆಸರಿಗೆ ಆ ಜ್ವಾಳ ನಡ್ಯಂಗಿಲ್ಲ. ದುಡದು ತಂದಿದ್ದು ಇದು, ಉಣ್ರಿ.”

ಆವತ್ತು ಬೀಬಿ ಉಂಡರು. ಮರುದಿನದಿಂದ ಹಳೆಯ ಸೀರೆಗಳನ್ನು ತಂದು ಕೌದಿ ಹೊಲಿಯಲು ಕೂತರು. ಸಯ್ಯದಾನಿ ಹೊಲಿದ ಕೌದಿಯೆಂದು ಮೊದಲು ಜನ ಹಾಸಿಕೊಳ್ಳಲು ಹೆದರಿದರು, ಎಲ್ಲಿ ಮಲಗಿದಲ್ಲೇ ಎದ್ದು ನಿಲ್ಲಬೇಕಾಗುತ್ತದೋ ಎಂದು. ಹಾಗೇನೂ ಆಗಲಿಲ್ಲ. ಮುಂದಿನ ರಂಜಾನಿನಲ್ಲಿ ನಾವು ಜೋಳ ಕೊಡುವವರ ಸಾಲಿನಲ್ಲಿ ಇರಲಿಲ್ಲ, ನಿಜ. ತೆಗೆದುಕೊಳ್ಳುವವರ ಸಾಲಿನಲ್ಲೂ ಇರಲಿಲ್ಲ.

ಮುರ್ತುಜಾ ಸಾಹೇಬರು ತೀರಿಕೊಂಡ ವರ್ಷವೇ ಅವ್ವನಿಗೆ ಲಕ್ವಾ ಹೊಡೆಯಿತು. ಹುಲ್ಲಿನ ಪೆಂಡಿ ಎತ್ತಲು ಬಗ್ಗಿದವಳು ಹಾಗೇ ಮಗ್ಗುಲಾದಳು. ಬಲಗೈ, ಬಲಗಾಲು ಹೋಯಿತು, ಮಾತು ತೊದಲಿತು. ಡಾಕ್ಟರು ಬಂದು ನೋಡಿ, ಜೀವಕ್ಕೆ ಭಯವಿಲ್ಲ, ಆದರೆ ಎದ್ದು ಓಡಾಡುವ ಆಸೆ ಬೇಡ ಅಂದರು. ಅಂದಿನಿಂದ ಬತೂಲ್ ಬೀಬಿ ಅವ್ವ ಮಲಗಿದ ಕೋಣೆಗೆ ನಿಂತು ಕಾಲಿಡಲಿಲ್ಲ. ಹೊಸ್ತಿಲ ಹೊರಗೇ ಕೂತು, ಮತ್ತೆ ಆ ಮಣೆಯ ಮೇಲೆ ಜರುಗುತ್ತಾ ಒಳಗೆ ಹೋಗಿ, ಬಾಯಿಗೆ ಗಂಜಿ ಹಾಕುವುದು, ಮೈ ಒರೆಸುವುದು, ಬಟ್ಟೆ ಬದಲಿಸುವುದು ಎಲ್ಲ ಕೂತೇ ಮಾಡುತ್ತಿದ್ದರು. ಅವರು ಆಗ ನಾಲ್ಕು ತಿಂಗಳ ಬಸುರಿ. ಸತ್ತುಹೋದ ಕಾಲನ್ನು ತಮ್ಮ ಬರುವಿಕೆ ಎಳೆದು ನಿಲ್ಲಿಸಿದರೆ ಅವ್ವನಿಗೆ ಏನಾದೀತೋ ಎಂಬ ಭಯ ಅವರಿಗೆ.

ಒಂದು ಮಧ್ಯಾಹ್ನ ನಾನು ಪಡಸಾಲೆಯಲ್ಲಿ ಅರಳೆ ಹಿಂಜುತ್ತಿದ್ದೆ. ಬೀಬಿ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದರು. ಅವ್ವ ಎಡಗೈಯಲ್ಲಿ ತಾನೇ ತಂಬಿಗೆ ಎತ್ತಿಕೊಂಡು ನೀರು ಕುಡಿಯಲು ಹೋಗಿ ಗಂಟಲಿಗೆ ಸಿಕ್ಕಿಸಿಕೊಂಡಳು. ಉಸಿರು ಎಳೆಯುವ ಆ ಸದ್ದು ಕೇಳಿ ಬೀಬಿಗೆ ಮಣೆಯೂ ನೆನಪಾಗಲಿಲ್ಲ, ಏನೂ ನೆನಪಾಗಲಿಲ್ಲ. ನನ್ನ ಮುಂದೆಯೇ ಓಡಿ ಒಳಗೆ ಹೋದರು. ಹಿಂದೆಯೇ ನಾನು ಹೋದೆ. ಹೋಗಿ ನೋಡಿದರೆ ಅವ್ವ ನಿಂತಿದ್ದಳು. ಗೋಡೆ ಹಿಡಿದಿರಲಿಲ್ಲ. ಎರಡೂ ಕಾಲಿನ ಮೇಲೆ, ಕೂದಲು ಕೆದರಿಕೊಂಡು, ಹಾಸಿಗೆಯ ನಟ್ಟನಡುವೆ ನಿಂತು ಕೆಮ್ಮುತ್ತಿದ್ದಳು. ನೀರು ಹೊರಗೆ ಬಂತು, ಉಸಿರು ತಿರುಗಿತು. ಬಲಗಾಲು ಗಾಳಿಗೆ ಸಿಕ್ಕ ಎಲೆಯ ಹಾಗೆ ನಡುಗುತ್ತಿತ್ತು, ಆದರೂ ನೆಲ ಹಿಡಿದಿತ್ತು.

ಬೀಬಿ ಗಾಬರಿಯಾಗಿ ಕೂರಲು ಹೋದರು. “ಬ್ಯಾಡ, ಬ್ಯಾಡ, ನಿಂದರ್ರಿ!” ಎಂದು ನಾನು ಕೂಗಿ ಅವ್ವನ ಬೆನ್ನ ಹಿಂದೆ ಹೋಗಿ ಕೈ ಚಾಚಿದೆ. ಆಮೇಲೆ ಅವರು ಕೂತರು. ಅವ್ವ ನನ್ನ ತೋಳಿನ ಮೇಲೆ ಅರಳೆಯ ಮೂಟೆಯ ಹಾಗೆ ಇಳಿದಳು. ಅವಳ ಕಣ್ಣು ಸೊಸೆಯ ಮೇಲೇ ಇತ್ತು. ಸೊಟ್ಟಗಾಗಿದ್ದ ಬಾಯಿಯನ್ನು ಕಷ್ಟಪಟ್ಟು ಹೊರಳಿಸಿ, “ಬಾ,” ಅಂದಳು. “ಹೊರಗ ಹೋಗಿ… ಮತ್ತ ಬಾ.”

ಅವ್ವ ‘ಬೀಬಿ’ ಎಂದಿರಲಿಲ್ಲ, ‘ಬರ್ರಿ’ ಎಂದಿರಲಿಲ್ಲ. ಬತೂಲ್ ಅಳುತ್ತಾ ಹೊರಗೆ ಹೋದಳು, ಅಳುತ್ತಾ ಒಳಗೆ ಬಂದಳು. ಅವ್ವ ಎದ್ದು ನಿಂತಳು. ನಾನೂ ಅವಳನ್ನು ಅಂದಿನಿಂದ ‘ನೀನು’ ಅನ್ನಲು ಶುರು ಮಾಡಿದೆ, ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ.

ಡಾಕ್ಟರು ಬಂದು ಇದನ್ನು ನೋಡಿದರು. ನೋಡುವಾಗ ಅವರೂ ನಿಂತೇ ಇದ್ದರು. “ನಿಲ್ಲಿಸಬೇಡಿ, ದಿನಾ ಮಾಡಿ. ಆದರೆ ಅವಸರ ಬೇಡ, ಕಾಲು ತಾನೇ ಕಲಿಯಲಿ,” ಅಂದರು. ಬತೂಲ್ ಬೆಳಿಗ್ಗೆ ಸಂಜೆ ಬಾಗಿಲಲ್ಲಿ ಕಾಣಿಸಿಕೊಳ್ಳುವಳು, ಅವ್ವ ಏಳುವಳು. ಅವ್ವ ನಿಂತಷ್ಟು ಹೊತ್ತು ಬಗ್ಗಿ ಆ ಬಲಗಾಲಿಗೆ ಎಣ್ಣೆ ತಿಕ್ಕಲು ಬತೂಲ್ ನೀಲವ್ವನಿಗೆ ಹೇಳಿದ್ದಳು, ತಾನೇ ಬಗ್ಗಿದರೆ ಎಲ್ಲಿ ಅವ್ವ ಕುಸಿಯುತ್ತಾಳೋ ಎಂದು. ಮಳೆಗಾಲ ಮುಗಿಯುವ ಹೊತ್ತಿಗೆ ಅವ್ವ ಬತೂಲ್ ಮನೆಯಲ್ಲಿಲ್ಲದಾಗಲೂ ಕೋಲು ಹಿಡಿದು ಬಚ್ಚಲಿಗೆ ಹೋಗಿ ಬರುವಂತಾದಳು. ಮಾತು ಮುಕ್ಕಾಲು ಪಾಲು ವಾಪಸು ಬಂತು, ಬೈಗುಳ ಪೂರ್ತಿ ಬಂತು.

ಇಂಥ ಸುದ್ದಿ ಊರಲ್ಲಿ ನಿಲ್ಲುತ್ತದೆಯೇ? ಬಡಿಗೇರ ಕಾಳಪ್ಪ ಅಟ್ಟದಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ, ಅವನ ಹೆಂಡತಿ ಬಂದು ಬತೂಲಳ ಕೈ ಹಿಡಿದಳು. ಬಸುರಿಯಾದರೂ ಬತೂಲ್ ಹೋದಳು. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಎಲ್ಲರೂ ಗುಣವಾಗಲಿಲ್ಲ. ಮೇಲೆದ್ದು ನಿಂತು ನೋವಿಗೆ ಚೀರಿದವರೂ ಇದ್ದರು. ಅಂಥ ಮನೆಗಳಿಗೆ ಅವಳು ಮತ್ತೆ ಹೋಗುತ್ತಿರಲಿಲ್ಲ, ಆ ದಿನ ಊಟವನ್ನೂ ಸರಿಯಾಗಿ ಮಾಡುತ್ತಿರಲಿಲ್ಲ.

ಆಗ ತುರಾಬ್ ಸಾಹೇಬರು ನಮ್ಮ ಮನೆಗೆ ಬಂದರು. ಮೊದಲ ಸಲ. ಅಂಗಳದ ನಡುವೆ ನಿಂತರು. ನಾವೆಲ್ಲ ಎದ್ದೆವು. ಅವ್ವ ಆಗಷ್ಟೇ ತನ್ನ ಸಂಜೆಯ ಪಾಠ ಮುಗಿಸಿ ದಣಿದು ಕೂತಿದ್ದಳು, ಅವಳೂ ಎದ್ದಳು.

“ಬತೂಲ್, ಈ ಹೆಸರು ಕುಂಟರಿಗೆ ಊರುಗೋಲಲ್ಲ. ಬಡಿಗೇರರ ಮನೆ, ಕುಂಬಾರರ ಮನೆ ಅಂತ ತಿರುಗುತ್ತಿದ್ದೀಯಂತೆ. ನಮ್ಮ ಹಿರಿಯರ ಎದುರು ಈ ಊರಿನ ಸರದಾರರು ಎದ್ದು ನಿಂತಿದ್ದರು.”

“ಚಾಚಾ, ಕೂತುಕೊಳ್ಳಿ. ಅತ್ತಿಗೆ ಆಗುತ್ತಿಲ್ಲ.”

“ನಾನು ಈ ಮನೆಯಲ್ಲಿ ಕೂರಲು ಬಂದವನಲ್ಲ.”

ಅವ್ವನ ಕಣ್ಣಿಂದ ನೀರು ಇಳಿಯುತ್ತಿತ್ತು. ತುಟಿ ಕಚ್ಚಿಕೊಂಡು ನಿಂತಿದ್ದಳು. ಬತೂಲ್ ಕೂತಲ್ಲಿಂದಲೇ ಕೈ ಮುಗಿದಳು. “ಎದ್ದು ನಿಲ್ಲಿಸುವುದು ನಾನು ಮಾಡುತ್ತಿರುವ ಕೆಲಸವಲ್ಲ ಚಾಚಾ, ಅದು ದೇವರದು. ಎಲ್ಲಿಗೆ ಹೋಗಬೇಕು, ಎಲ್ಲಿ ಬೇಗ ಕೂತುಬಿಡಬೇಕು, ಅದಷ್ಟೇ ನನ್ನ ಕೈಯಲ್ಲಿರುವುದು. ನಿಮ್ಮ ಕೈಯಲ್ಲಿರುವುದೂ ಅಷ್ಟೇ. ದಯವಿಟ್ಟು ಕೂತುಕೊಳ್ಳಿ.”

ಅವರು ಕೂರಲಿಲ್ಲ. ಅವಳ ಹೊಟ್ಟೆಯ ಕಡೆ ನೋಡಿ, “ಆ ಮಗುವಿಗೆ ಯಾರೂ ಏಳುವುದಿಲ್ಲ, ನೆನಪಿಟ್ಟುಕೋ,” ಅಂದು ತಿರುಗಿ ಹೊರಟರು. ಅವರು ಓಣಿಯ ಮೂಲೆ ತಿರುಗುವವರೆಗೂ ಅವ್ವ ಹಾಗೇ ನಿಂತಿರಬೇಕಾಯಿತು.

ಹೆಣ್ಣು ಮಗು ಹುಟ್ಟಿತು. ರುಕಿಯಾ ಎಂದು ಹೆಸರಿಟ್ಟೆವು. ಹೆಸರಿನ ಮುಂದೆ ಸಯ್ಯದಾ ಎಂದು ಸೇರಿಸಬೇಕೇ ಬೇಡವೇ ಎಂದು ಕೇಳಿದಾಗ ಮಸೀದಿಯ ಇಮಾಮರು, “ತಂದೆಯ ಹೆಸರಿನಿಂದಲೇ ಕರೆಯುವುದು ಪದ್ಧತಿ,” ಅಂದರು, ಆಮೇಲೆ, “ಆದರೂ ಕಾಯೋಣ,” ಅಂದರು. ಯಾಕೆಂದರೆ ಎತ್ತಿಕೊಂಡ ಕೂಸಿಗೆ ಯಾರೂ ಏಳುವುದಿಲ್ಲ. ಸಯ್ಯದರ ಕೂಸಾದರೂ ತನ್ನ ಕಾಲ ಮೇಲೆ ನಡೆಯಲು ಶುರು ಮಾಡಿದ ಮೇಲೇ ಊರು ಏಳಲು ಶುರು ಮಾಡುವುದು. ಹೀಗಾಗಿ ಊರೆಲ್ಲ ನನ್ನ ಮಗಳು ಹೆಜ್ಜೆ ಹಾಕುವುದನ್ನು ಕಾದಿತು. ಚಹಾದಂಗಡಿಯಲ್ಲಿ ಇದರದೇ ಚರ್ಚೆ. ಏಳುತ್ತೇವೆ ಅನ್ನುವವರು ಒಂದು ಬೆಂಚು, ಇಲ್ಲ ಅನ್ನುವವರು ಎದುರಿನ ಬೆಂಚು.

ನನ್ನ ಮನಸ್ಸು ಏನು ಬಯಸುತ್ತಿತ್ತು ಎಂದು ಹೇಳಿಬಿಡುತ್ತೇನೆ. ಏಳಲಿ ಎಂದೇ ಬಯಸುತ್ತಿತ್ತು. ಚನ್ನಬಸಪ್ಪನ ಮನೆಗೆ ನಾನು ಗಾದಿ ಹೊತ್ತುಕೊಂಡು ಹೋದರೆ ಇವತ್ತಿಗೂ ಮೆಟ್ಟಿಲ ಕೆಳಗೇ ಮಾತು. ನಮ್ಮ ಧರ್ಮದವರೇ ಕೆಲವರು ಪಿಂಜಾರ ಅಂದರೆ ಮದುವೆಯ ಊಟಕ್ಕೆ ಕಡೆಯ ಸಾಲು ತೋರಿಸುತ್ತಾರೆ. ನಾನು ಮಾಡಿದ ಗಾದಿಯ ಮೇಲೆ ಇಡೀ ಊರು ಮಲಗುತ್ತದೆ, ಕೂರು ಎಂದು ನನಗೆ ಹೇಳಿದವರು ಕಡಿಮೆ. ಅಂಥವರೆಲ್ಲ ನನ್ನ ಮಗಳು ಬಂದಾಗ ದಡಬಡಿಸಿ ಏಳಲಿ ಎಂದು ನನಗೆ ಆಸೆ. ಅದನ್ನು ಬತೂಲಳಿಗೂ ಹೇಳಿದೆ. ಅವಳು ಕೌದಿಗೆ ದಾರ ಹಾಕುತ್ತಿದ್ದಳು.

“ನಾನು ಸಣ್ಣವಳಿದ್ದಾಗ ನಮ್ಮ ಮನೆಯ ಹಿಂದೆ ಹುಡುಗಿಯರು ಕೂತು ಕಲ್ಲಾಟ ಆಡುತ್ತಿದ್ದರು,” ಅಂದಳು. “ನನಗೂ ಆಡಬೇಕು ಅನ್ನಿಸಿ ಓಡುತ್ತಿದ್ದೆ. ನಾನು ಹೋದ ಕೂಡಲೇ ಎಲ್ಲ ಎದ್ದು ನಿಲ್ಲುತ್ತಿದ್ದರು. ಮಡಿಲಲ್ಲಿದ್ದ ಕಲ್ಲುಗಳೆಲ್ಲ ಚೆಲ್ಲಿಹೋಗುತ್ತಿದ್ದವು. ‘ಬೀಬಿ ಬಂದಳು, ಆಟ ಕೆಟ್ಟಿತು’ ಅನ್ನುತ್ತಿದ್ದರು. ಅಬ್ಬಾ ಅಮ್ಮಾ ಬಿಟ್ಟರೆ ಕೂತವರ ಮಡಿಲಿಗೆ ಓಡಿ ಹೋಗಿ ಬಿದ್ದದ್ದೇ ನನಗೆ ನೆನಪಿಲ್ಲ. ನಿಮ್ಮ ಆಸೆ ತಪ್ಪು ಅನ್ನುವುದಿಲ್ಲ. ಆದರೆ ನಾನು ನಮಾಜಿನಲ್ಲಿ ಬೇರೆಯೇ ಕೇಳಿಕೊಳ್ಳುತ್ತಿದ್ದೇನೆ.”

ಅವ್ವನನ್ನು ಕೇಳಿದರೆ, “ಎದ್ದರೂ ಸೈ, ಕುಂತರೂ ಸೈ. ಕೂಸು ಮೊದಲ ನೆಟ್ಟಗ ನಡೀಲಿ,” ಅಂದಳು.

ಮಗು ಗೋಡೆ ಹಿಡಿದು ನಿಲ್ಲಲು ಶುರು ಮಾಡಿದಾಗಿನಿಂದ ಒಂದು ವಿಚಿತ್ರ ನಡೆಯಿತು. ಸಂಜೆ ಹೊತ್ತು ನಮ್ಮ ಓಣಿಯ ಕಟ್ಟೆಗಳ ಮೇಲೆ ಕೂತ ಮುದುಕರು ಒಬ್ಬೊಬ್ಬರಾಗಿ ಏಳತೊಡಗಿದರು. ನಾವೂ ಒಳಗೆ ಎದ್ದು ನಿಲ್ಲುತ್ತಿದ್ದೆವು. ತುರಾಬ್ ಸಾಹೇಬರು ಹಾದುಹೋಗುತ್ತಿದ್ದಾರೆಂದು ಹಾಗೆ ತಿಳಿಯುತ್ತಿತ್ತು. ಅವರಿಗೆ ನಮ್ಮ ಓಣಿಯಲ್ಲಿ ಕೆಲಸವೇನೂ ಇರಲಿಲ್ಲ. ನಮ್ಮ ಬೇಲಿಯ ಹತ್ತಿರ ಬಂದಾಗ ಅವರ ಹೆಜ್ಜೆ ನಿಧಾನವಾಗುತ್ತಿತ್ತು.

ಆ ದಿನ ಶುಕ್ರವಾರ, ಮಧ್ಯಾಹ್ನದ ನಮಾಜು ಮುಗಿದಿತ್ತು. ಅಂಗಳದಲ್ಲಿ ಬಿಸಿಲಿಗೆ ಅರಳೆ ಹರವಿದ್ದೆವು. ಅವ್ವ ಹೊಸ ಗಾದಿಯೊಂದರ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ನೀಲವ್ವ ಸೊಪ್ಪು ಸೋಸುತ್ತಿದ್ದಳು, ಕಾಳಪ್ಪ ಕೋಲು ಪಕ್ಕಕ್ಕಿಟ್ಟು ಮೆಟ್ಟಿಲ ಮೇಲೆ ಕೂತಿದ್ದ, ಇನ್ನೂ ನಾಲ್ಕಾರು ಜನ ಅಕ್ಕಪಕ್ಕದವರಿದ್ದರು. ಬತೂಲ್ ನೆಲಕ್ಕೆ ಕೂತಿದ್ದಳು. ರುಕಿಯಾ ಮಂಚದ ಕಾಲು ಹಿಡಿದು ನಿಂತು, ಕೈ ಬಿಡುವುದೋ ಬೇಡವೋ ಎಂದು ಯೋಚಿಸುತ್ತಿದ್ದಳು. ಅಷ್ಟರಲ್ಲಿ ನಾವೆಲ್ಲ ಎದ್ದು ನಿಂತೆವು. ಬೇಲಿಯ ಬಾಗಿಲಲ್ಲಿ ತುರಾಬ್ ಸಾಹೇಬರು. ಮುಂದಕ್ಕೆ ಹೋಗಬೇಕಾದವರು ಮಗುವನ್ನು ಕಂಡು ನಿಂತುಬಿಟ್ಟಿದ್ದರು.

ಕಾಳಪ್ಪನೇ ಹೇಳಿದ, “ಸಾಹೇಬರ, ಕೂಸು ಇವತ್ತ ನಡೀತೈತಿ. ನೀವು ನಿಂತರ ಎಲ್ಲಾರೂ ನಿಂತಿರತೀವಿ, ಏನೂ ಗೊತ್ತಾಗಂಗಿಲ್ಲ. ಒಂದ ಗಳಿಗಿ ಕುಂದರ್ರಿ.”

ಅವರು ಒಳಗೆ ಬರಲಿಲ್ಲ. ಬೇಲಿಯ ಹೊರಗಿದ್ದ ಕಲ್ಲಿನ ಮೇಲೆ ಕೂತರು. ನಾವು ಕೂತೆವು. ರುಕಿಯಾ ಮಂಚದ ಕಾಲು ಬಿಟ್ಟಳು. ಒಂದು ಹೆಜ್ಜೆ ಹಾಕಿ ನಿಂತಳು. ಮತ್ತೊಂದು. ಅವ್ವನ ಕಡೆಗೆ ಎರಡೂ ಕೈ ಚಾಚಿಕೊಂಡು, ಕುಡಿದವರ ಹಾಗೆ ಓಲಾಡುತ್ತಾ ಅರಳೆಯ ಪಕ್ಕದಲ್ಲಿ ಹೊರಟಳು. ನಾನು ನನ್ನ ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡಿದ್ದೆ. ಅದು ಏಳಲಿಲ್ಲ. ಸುತ್ತ ನೋಡಿದೆ. ನೀಲವ್ವ ಕೂತಿದ್ದಳು. ಕಾಳಪ್ಪ ಕೂತಿದ್ದ. ಎಲ್ಲರೂ ಕೂತೇ ಇದ್ದರು. ಬತೂಲ್ ಕಣ್ಣು ಮುಚ್ಚಿಕೊಂಡಳು. ನಾನು ಮೊಣಕಾಲಿನ ಮೇಲಿಂದ ಕೈ ತೆಗೆದೆ.

ಆಗ ನಾನು ಬೇಲಿಯ ಆಚೆ ನೋಡಿದೆ. ತುರಾಬ್ ಸಾಹೇಬರು ಹೇಳಿದ್ದೇ ನಿಜವಾಗಿತ್ತು. ಆದರೆ ಅವರ ಮುಖ ಗೆದ್ದವರ ಮುಖವಾಗಿರಲಿಲ್ಲ. ಮಕ್ಕಳಿಲ್ಲದ ಮನುಷ್ಯ, ಅಣ್ಣನನ್ನೂ ಕಳಕೊಂಡವರು. ಅವರು, ಬತೂಲ್, ಇಬ್ಬರೂ ಹೋದ ಮೇಲೆ ಈ ಊರು ಮತ್ತೆ ಯಾವತ್ತೂ ಏಳುವುದಿಲ್ಲ. ದಿನಾ ನಮ್ಮ ಓಣಿಗೆ ಅವರು ಯಾವ ಆಸೆಯಿಂದ ಬರುತ್ತಿದ್ದರೆಂದು ನನಗೆ ಆ ಕ್ಷಣಕ್ಕೆ ಹೊಳೆಯಿತು. ನನಗಿದ್ದ ಆಸೆಯೇ ಅದು. ಅವರು ಬೇಲಿಯ ಗೂಟಕ್ಕೆ ಕೈ ಕೊಟ್ಟು ಮೆಲ್ಲಗೆ ಎದ್ದರು, ಹೊರಡಲು.

ಅವರೆದ್ದ ಕೂಡಲೇ ನಾವೆಲ್ಲ ಎದ್ದೆವು. ಅವ್ವನೂ ಎದ್ದಳು. ರುಕಿಯಾ ಅವ್ವನ ಮಡಿಲಿಗೆ ಇನ್ನೇನು ಬಿದ್ದಳು ಅನ್ನುವಷ್ಟರಲ್ಲಿ ಮಡಿಲೇ ಮಾಯವಾಗಿ ಎದುರಿಗೆ ಬರೀ ಸೀರೆಯ ನೆರಿಗೆ. ತಿರುಗಿ ನೋಡಿದಳು, ಎಲ್ಲ ಕಡೆ ಕಾಲುಗಳು. ಕೂತಿದ್ದ ಮುಖಗಳೆಲ್ಲ ಎತ್ತರಕ್ಕೆ ಹೋಗಿಬಿಟ್ಟಿದ್ದವು. ತುಟಿ ಬಿಗಿದು, ಮುಖ ಕೆಂಪಾಗಿ, ಜೋರಾಗಿ ಅಳತೊಡಗಿದಳು. ಅವ್ವ ಕೋಲಿಲ್ಲದೆ ಬಗ್ಗಲಾರಳು. ಬತೂಲ್ ಮಗುವಿನ ಕಡೆ ಹೋಗದೆ ಚಿಕ್ಕಪ್ಪನನ್ನೇ ನೋಡುತ್ತಿದ್ದಳು. ಅಳುತ್ತಲೇ ರುಕಿಯಾ ಹೆಜ್ಜೆ ಹಾಕಿದಳು, ಯಾವ ದಿಕ್ಕೆಂದಿಲ್ಲದೆ, ಬೇಲಿಯ ಕಡೆಗೆ.

ತುರಾಬ್ ಸಾಹೇಬರು ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ಮಗು ಅವರ ಪಾಯಿಜಾಮಾ ಹಿಡಿದುಕೊಂಡಿತು. ಅವರು ಅದರ ನೆತ್ತಿಯ ಮೇಲೆ ಕೈ ಇಟ್ಟರು, ನಮ್ಮನ್ನೆಲ್ಲ ಒಂದು ಸಲ ನೋಡಿದರು, ಆಮೇಲೆ ಅಲ್ಲೇ, ಅಂಗಳದ ನೆಲದ ಮೇಲೆ, ಶೇರ್ವಾನಿಗೆ ಅರಳೆ ಮೆತ್ತಿಕೊಳ್ಳುತ್ತಿದ್ದರೂ ಲಕ್ಷಿಸದೆ ಕೂತುಬಿಟ್ಟರು.

ನಾವೆಲ್ಲ ಕೂತೆವು. ಅವ್ವನೂ ಗೋಡೆ ಹಿಡಿದು ಕೂತಳು. ರುಕಿಯಾ ಅಳು ನಿಲ್ಲಿಸಿ ತಿರುಗಿದಳು. ಎಲ್ಲರ ಮಡಿಲೂ ಮತ್ತೆ ಬಂದಿತ್ತು. ಈ ಸಲ ಓಡಿದಳು, ಓಡಿ ಹೋಗಿ ಅವ್ವನ ಮಡಿಲಿಗೆ ಬಿದ್ದಳು.

ತುರಾಬ್ ಸಾಹೇಬರು ಅವ್ವನನ್ನು ಕೇಳಿದರು, “ಮೊಣಕಾಲು ಹೇಗಿವೆ ಅಮ್ಮಾ?”

“ಅದಾವ್ರೀ ಸಾಹೇಬರ. ನಿಮ್ಮ ಮಗಳು ನಡಸಾಕತ್ಯಾಳ.”

“ಆವತ್ತು ನಾನು ಕೂರಬೇಕಾಗಿತ್ತು.”

“ಇವತ್ತ ಕುಂತ್ರಲ್ಲ,” ಅಂದಳು ಅವ್ವ.

ಬತೂಲ್ ಚಹಾ ಮಾಡಲು ಏಳಹೋದಳು. ತುರಾಬ್ ಸಾಹೇಬರು ಕೈ ಎತ್ತಿ ತಡೆದರು. “ಕೂತುಕೋ ಬೇಟಿ. ನೀನು ಎದ್ದರೆ ಇವರೆಲ್ಲ ಏಳಬೇಕಾಗುತ್ತದೆ. ನಾನೂ ಏಳುವುದಿಲ್ಲ.” ಆಮೇಲೆ ನನ್ನ ಕಡೆ ತಿರುಗಿ, ಮದುವೆಯಾದಾಗಿನಿಂದ ಮೊದಲ ಸಲ ನನ್ನ ಹೆಸರು ಹಿಡಿದು ಕರೆದರು. “ಲಾಲಸಾಬ, ಚಹಾ ಮಾಡಲು ಬರುತ್ತದೆಯೇ?”

ನಾನು ಒಳಗೆ ಹೋಗಿ ಒಲೆ ಹೊತ್ತಿಸಿದೆ. ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ರುಕಿಯಾಗೆ ನಡಿಗೆಯ ರುಚಿ ಹತ್ತಿತ್ತು. ಅವ್ವನ ಮಡಿಲಿಂದ ಎದ್ದು ಕಾಳಪ್ಪನ ಮಡಿಲಿಗೆ, ಅಲ್ಲಿಂದ ನೀಲವ್ವನ ಮಡಿಲಿಗೆ. ನೀಲವ್ವ ಸೊಪ್ಪಿನ ಮೊರವನ್ನು ಪಕ್ಕಕ್ಕೆ ತಳ್ಳಿ ಅವಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು ಕೆನ್ನೆಗೆ ಮುತ್ತಿಟ್ಟಳು. ಮೆಟ್ಟಿಲ ಕೆಳಗೆ ನಾನು ನಿಲ್ಲುವ ಮನೆಯ ಯಜಮಾನಿ. ಮಗು ಅವಳ ಕುಂಕುಮಕ್ಕೆ ಕೈ ಹಾಕಿ ಹಣೆಯೆಲ್ಲ ಬಳಿದಿಟ್ಟಿತು. ನೀಲವ್ವ ನಗುತ್ತಿದ್ದಳು. ಬತೂಲ್ ಎಷ್ಟೊಂದು ನಗುತ್ತಿದ್ದಳೆಂದರೆ ಅವಳ ನಗುವನ್ನು ನಾನು ಅಷ್ಟು ದೂರದಿಂದ ಯಾವತ್ತೂ ಕೇಳಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಹೊಗೆಯೂ ಇತ್ತು. ಚಹಾ ಉಕ್ಕಿದ್ದು ತಡವಾಗಿ ಗೊತ್ತಾಯಿತು.

ಕಪ್ಪುಗಳನ್ನು ತಾಟಿನಲ್ಲಿಟ್ಟು ಹೊರಗೆ ತಂದೆ. ಅವ್ವ ಒಂದು ಗುಟುಕು ಕುಡಿದು, “ಸಕ್ಕರಿ ಸಾಲದು,” ಅಂದಳು. ತುರಾಬ್ ಸಾಹೇಬರು ಬಸಿಗೆ ಸುರಿದುಕೊಂಡು ಊದಿ, ರುಕಿಯಾ ತಮ್ಮ ಕಡೆ ನಡೆದು ಬರುವುದನ್ನು ನೋಡುತ್ತಾ, “ಸರಿಯಾಗಿದೆ,” ಅಂದರು.